ಅಜೀಜಿಯಾದಲ್ಲಿ ಪಾತ್ರೆ ಒರೆಸುವವರು

ಜಿದ್ದಾ, ಇಳಿದ ದಿನ

…ಅಥವಾ ವಿಮಾನ ನಿಲ್ದಾಣಕ್ಕೆ ಬಂದದ್ದು ನನ್ನ ಗಂಡ ರೊನಾಲ್ಡ್ ಒಬ್ಬನೇ ಇರಬಹುದು. ಕಂಬಿಯ ಆಚೆ ಅವನ ಪಕ್ಕದಲ್ಲಿ ನನ್ನ ತಂಗಿ ಐರಿನ್ ಕಪ್ಪು ಅಬಾಯಾ ಹಾಕಿಕೊಂಡು ಕೈಬೀಸುತ್ತಿರುವುದು ನನಗೆ ಈಗಲೂ ಕಾಣುತ್ತದೆ. ಆದರೆ ಅವಳಿಗೆ ಅವತ್ತು ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತಂತೆ. ಅವಳೂ ಹಾಗೇ ಹೇಳುತ್ತಾಳೆ, ರೊನಾಲ್ಡನೂ ಹಾಗೇ ಹೇಳುತ್ತಾನೆ. ಅವರಿಬ್ಬರೂ ಒಂದೇ ಮಾತು ಹೇಳಿದರೆ ನನಗೆ ಅನುಮಾನ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಅದೂ ಇರಲಿ. ಹೊಟ್ಟೆಕಿಚ್ಚಿನವರ ನೆನಪು ಎಲ್ಲ ಫೋಟೋಗಳಲ್ಲೂ ಒಬ್ಬರನ್ನೇ ತಂದು ನಿಲ್ಲಿಸುತ್ತದೆ. ಓದುವವರು ಅಷ್ಟನ್ನು ಲೆಕ್ಕಕ್ಕೆ ಹಿಡಿದುಕೊಂಡು ಮುಂದೆ ಹೋಗಬೇಕು.

ಅನುಮಾನವೇ ಇಲ್ಲದ ಸಂಗತಿ ಒಂದು: ನಾನು ಬಿದ್ದೆ. ನಾನು ತೊಟ್ಟಿದ್ದ ಅಬಾಯಾ ನಿಲುವಂಗಿಯನ್ನು ಭಟ್ಕಳದ ಒಬ್ಬ ಪರಿಚಯದ ಹೆಂಗಸು ಕೊಟ್ಟಿದ್ದರು. ಅವರು ನನಗಿಂತ ಒಂದು ಗೇಣು ಎತ್ತರ. ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ಅದರ ಅಂಚು ಮೆಟ್ಟಿ, ಕೈಚೀಲದ ಸಮೇತ ಕುಳಿತೇ ಬಿಟ್ಟೆ. ಹಿಂದಿನಿಂದ ಮುಖ ಮುಚ್ಚಿದ ಮುದುಕಿಯೊಬ್ಬರು ಬಂದು ಏನೂ ಕೇಳದೆ, ಏನೂ ಹೇಳದೆ, ತಮ್ಮ ತೋಳಿನ ಒಳಗಿಂದ ಎರಡು ಪಿನ್ ತೆಗೆದು ನನ್ನ ಅಂಚನ್ನು ಮಡಚಿ ಚುಚ್ಚಿದರು. ಕೆಲಸ ಮುಗಿದ ಮೇಲೆ ನನ್ನ ಮೊಣಕಾಲಿಗೆ ಒಂದು ಏಟು ಕೊಟ್ಟು, "ಯಲ್ಲಾ" ಎಂದರು. ಎದ್ದು ಹೋಗು ಎಂದು. ನಮ್ಮ ಊರಲ್ಲಾದರೆ ಮೊದಲು ನಾಲ್ಕು ಜನ ಸೇರಿ, ಯಾರ ಮನೆಯವಳು ಎಂದು ಕೇಳಿ, ಆಮೇಲೆ ಎಬ್ಬಿಸುತ್ತಿದ್ದರು.

ಇನ್ನೊಂದು ಮಾತು. ಮನೆಯವರ ಮಧ್ಯೆ ನಡೆದ ಮಾತೆಲ್ಲ ಕೊಂಕಣಿಯಲ್ಲಿ ನಡೆದದ್ದು. ಇಲ್ಲಿ ಕನ್ನಡಕ್ಕೆ ತರುವಾಗ ಐರಿನ್ ಇದ್ದದ್ದಕ್ಕಿಂತ ಸ್ವಲ್ಪ ಒಳ್ಳೆಯವಳಾಗಿ ಕಾಣುತ್ತಾಳೆ. ಸರಿಪಡಿಸಲು ನೋಡಿದೆ, ಆಗಲಿಲ್ಲ.

ಯಾನ್ಬು

ಮದುವೆಯಾದಾಗಿನಿಂದ ರೊನಾಲ್ಡ್ ಗಲ್ಫಿನಲ್ಲೇ ಇದ್ದಾನೆ. ಯಾನ್ಬುವಿನ ಒಂದು ಕಾರ್ಖಾನೆಯಲ್ಲಿ ಪಂಪುಗಳ ರಿಪೇರಿ ನೋಡಿಕೊಳ್ಳುವ ಸೂಪರ್‌ವೈಸರ್. ನಾನು ಶಿರ್ವದಲ್ಲಿ ಶಾಲೆಯ ಟೀಚರ್. ಅವನು ವರ್ಷಕ್ಕೊಮ್ಮೆ ಬರುತ್ತಾನೆ, ಒಂದು ತಿಂಗಳು ನೆಂಟನಂತೆ ಇದ್ದು ಹೋಗುತ್ತಾನೆ. ಮಗಳು ಓದಲು ಹಾಸ್ಟೆಲಿಗೆ ಹೋದ ಮೇಲೆ ನಾನು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದೆ. ಇದನ್ನೆಲ್ಲ ಬಿಟ್ಟು ಊರಿಗೆ ಬರುವುದು ಯಾವಾಗ? ಅವನ ಉತ್ತರವೂ ಒಂದೇ. "ನೋಡುವಾ." ನಾನು ಶಾಲೆಗೆ ರಜೆ ಹಾಕಿ, ವಿಸಿಟ್ ವೀಸಾ ಮಾಡಿಸಿಕೊಂಡು ಹೊರಟದ್ದು ಸೌದಿ ನೋಡಲಿಕ್ಕಲ್ಲ. ಆ "ನೋಡುವಾ" ಎಂಬುದರ ಹಿಂದೆ ಏನಿದೆ ಎಂದು ನೋಡಲಿಕ್ಕೆ. ಅವನಿಗೆ ಮನೆಗೆ ಬರುವ ಮನಸ್ಸು ಇದೆಯೋ ಇಲ್ಲವೋ. ಇಷ್ಟೇ.

ಯಾನ್ಬು ಎಷ್ಟು ಸುಮ್ಮನಿರುವ ಊರೆಂದರೆ ಮೊದಲ ವಾರ ನನಗೆ ಕಿವಿ ಕಟ್ಟಿದೆ ಎನ್ನಿಸಿತು. ಅಗಲವಾದ ರಸ್ತೆ, ಸಾಲಾಗಿ ನೆಟ್ಟ ಖರ್ಜೂರದ ಮರ, ದೂರದಲ್ಲಿ ಕಾರ್ಖಾನೆಯ ಬೆಂಕಿ ಹಗಲಲ್ಲೂ ಉರಿಯುತ್ತಿರುತ್ತದೆ. ರೊನಾಲ್ಡ್ ಡ್ಯೂಟಿಗೆ ಹೋದ ಮೇಲೆ ನಾನು ಅವನ ಕ್ವಾರ್ಟರ್ಸನ್ನು ಪರೀಕ್ಷೆ ಮಾಡಿದೆ. ಹೆಂಗಸಿನ ಗುರುತು ಯಾವುದೂ ಸಿಗಲಿಲ್ಲ. ಸಿಕ್ಕಿದ್ದು ಕಾಗದದ ತಟ್ಟೆಗಳು, ಕಟ್ಟು ಕಟ್ಟಾಗಿ. ಕಾಗದದ ಲೋಟ, ಪ್ಲಾಸ್ಟಿಕ್ ಚಮಚ. ಪಾತ್ರೆ ತೊಳೆಯಬಾರದೆಂದು ಇಷ್ಟು ವರ್ಷ ಹೀಗೇ ತಿಂದಿದ್ದಾನೆ. ನಮ್ಮ ಮನೆಯಲ್ಲಿ ಅವನು ತಿಂದ ತಟ್ಟೆ ತಾನೇ ಎತ್ತಿ ಸಿಂಕಿಗೆ ಹಾಕಿದರೆ ಅದು ಅಕ್ಕಪಕ್ಕದವರಿಗೆ ಹೇಳುವಂಥ ಸುದ್ದಿ.

ಸಂಜೆ ಕಡಲಿಗೆ ಹೋಗುತ್ತಿದ್ದೆವು. ಮಲ್ಪೆಯಲ್ಲಿ ನಾವು ಕಡಲನ್ನು ನೋಡುತ್ತೇವೆ, ಕಾಲು ಒದ್ದೆ ಮಾಡಿಕೊಳ್ಳುತ್ತೇವೆ, ಮನೆಗೆ ಬರುತ್ತೇವೆ. ಇಲ್ಲಿ ಜನ ಕಡಲಿಗೆ ಮನೆಯನ್ನೇ ತರುತ್ತಾರೆ. ಕಂಬಳಿ, ದಿಂಬು, ಚಹಾದ ಫ್ಲಾಸ್ಕು, ಸುತ್ತ ಬಟ್ಟೆಯ ಗೋಡೆ. ಗೋಡೆಯ ಒಳಗೆ ಗಂಡ ಹೆಂಡತಿ ಎದುರುಬದುರು ಕುಳಿತು ಕುಂಬಳಬೀಜ ಕಡಿಯುತ್ತ ಮಾತಾಡುತ್ತಲೇ ಇರುತ್ತಾರೆ. ಅಷ್ಟು ಹೊತ್ತು ಮಾತಾಡಲು ಅವರಿಗೆ ಏನಿರುತ್ತದೆ? ನಾನು ಮತ್ತು ರೊನಾಲ್ಡ್ ಬರಿಯ ಕಲ್ಲಿನ ಮೇಲೆ ಕುಳಿತು ನೀರು ನೋಡಿದೆವು. ಪಕ್ಕದ ಗೋಡೆಯಿಂದ ಒಂದು ಕೈ ಚಾಚಿ ನಮಗೆ ಖರ್ಜೂರ ಕೊಟ್ಟಿತು. ಪಾಪ, ಮಾತಿಲ್ಲದವರು ಎಂದು ಕೊಟ್ಟಿರಬೇಕು.

"ಈ ಶುಕ್ರವಾರ ಜಿದ್ದಾಕ್ಕೆ ಹೋಗುವಾ," ಎಂದ ರೊನಾಲ್ಡ್. "ಐರಿನ್ ಕಾಯ್ತಾ ಇದ್ದಾಳೆ."

"ಪೂಜೆ ಮಾಡ್ಲಿಕ್ಕಾ?"

ಅವನು ಖರ್ಜೂರದ ಬೀಜವನ್ನು ಕಡಲಿಗೆ ಎಸೆದ.

ಈಗ ಐರಿನ್ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯ. ನನ್ನ ತಂಗಿ ನರ್ಸ್. ಮೊದಲು ಇದೇ ಸೌದಿಯ ಜಿಜಾನಿನ ಒಂದು ಆಸ್ಪತ್ರೆಯಲ್ಲಿದ್ದಳು, ಆಮೇಲೆ ಯುರೋಪಿಗೆ ಹೋದಳು, ಅಲ್ಲಿಂದ ಜಿದ್ದಾಕ್ಕೆ ಬಂದಳು. ಅವಳು ಪ್ರೀತಿಸಿದ ಮೆಲ್ವಿನನಿಗೆ ಮೊದಲೊಂದು ಮದುವೆಯಾಗಿ ಮುರಿದಿತ್ತು. ಮೊದಲ ಮದುವೆ ರದ್ದಾಗದೆ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಎರಡನೆಯದು ಆಗುವುದಿಲ್ಲ. ಯುರೋಪಿನಲ್ಲಿ ಅವರಿಗೆ ಒಂದು ಚಿಕ್ಕ ಸಭೆ ಸಿಕ್ಕಿತು. ಕಥೋಲಿಕರೇ, ಪೂಜೆ, ಸಂಸ್ಕಾರ ಎಲ್ಲ ನಮ್ಮದೇ. ಆದರೆ ರೋಮಿನ ಆಡಳಿತಕ್ಕೆ ಸೇರದ ಸ್ವತಂತ್ರ ಸಭೆ. ಯಾರನ್ನೂ ಬಾಗಿಲ ಹೊರಗೆ ನಿಲ್ಲಿಸುವುದಿಲ್ಲ ಎನ್ನುವುದು ಅವರ ನಿಯಮ. ಮದುವೆ ಮುರಿದವರಿಗೂ ಮದುವೆ, ಮದುವೆಯಾದವರಿಗೂ ಗುರುದೀಕ್ಷೆ, ಹೆಂಗಸರಿಗೂ ಗುರುದೀಕ್ಷೆ. ಐರಿನ್ ಅಲ್ಲಿ ಮದುವೆಯಾದಳು. ರಾತ್ರಿಪಾಳಿಯ ನಡುವೆ ಕಲಿತು, ಕೆಲವು ವರ್ಷಗಳ ಮೇಲೆ ಅವರ ಬಿಷಪರ ಕೈಯಿಂದ ದೀಕ್ಷೆ ಪಡೆದಳು. ನನ್ನ ತಂಗಿ ಪಾದ್ರಿ.

ಹತ್ತಾರು ವರ್ಷ ಭಾನುವಾರ ಬೆಳಿಗ್ಗೆ ಇಗರ್ಜಿಯ ಮಕ್ಕಳಿಗೆ ಧರ್ಮೋಪದೇಶ ಕಲಿಸಿದವಳು ನಾನು. ಅಳ್ತಾರಿನ, ಅಂದರೆ ಪೂಜೆಯ ಪೀಠದ, ಹೂ ಬದಲಿಸಿದವಳು, ಬೈಬಲ್ ವಾಚನ ಓದಿದವಳು, ಪಾದ್ರಿಗಳು ಬದಲಾದಾಗ ಹೊಸಬರಿಗೆ ಯಾವ ಮನೆಯಲ್ಲಿ ಯಾರಿಗೆ ಕಾಯಿಲೆ ಎಂದು ಹೇಳಿಕೊಟ್ಟವಳು. ಐರಿನ್ ನನ್ನ ಕ್ಲಾಸಿನಲ್ಲೇ ಹಿಂದಿನ ಬೆಂಚಿನಲ್ಲಿ ಕುಳಿತು ನಿದ್ದೆ ಮಾಡಿದವಳು. ಚಿಕ್ಕಂದಿನಲ್ಲಿ ನಾವು ಪೂಜೆಯ ಆಟ ಆಡುವಾಗ ಬೆಡ್‌ಶೀಟ್ ಹೊದ್ದು ಪಾದ್ರಿಯಾಗುತ್ತಿದ್ದದ್ದು ನಾನು, ಗಂಟೆ ಬಾರಿಸುತ್ತಿದ್ದದ್ದು ಅವಳು. ಅವಳು ಇದನ್ನು ಉಲ್ಟಾ ಹೇಳುತ್ತಾಳೆ. ಬೆಡ್‌ಶೀಟಿನ ಬಣ್ಣವನ್ನೂ ಹೇಳುತ್ತಾಳೆ. ನನಗೆ ಬಣ್ಣ ನೆನಪಿಲ್ಲ. ಹಾಗಾಗಿ ಕೇಳಿದವರೆಲ್ಲ ಅವಳನ್ನೇ ನಂಬುತ್ತಾರೆ.

ಹಮೀದಾಕನ ಬೇಕರಿ

ಯಾನ್ಬುವಿನಿಂದ ಜಿದ್ದಾಕ್ಕೆ ದಾರಿಯುದ್ದಕ್ಕೂ ಒಂದು ಕಡೆ ಕಡಲು, ಒಂದು ಕಡೆ ಮರಳು. ನಡುವೆ ಒಂದು ಒಂಟೆ, ಅದೂ ಲಾರಿಯ ಮೇಲೆ. ಗುರುವಾರ ಸಂಜೆ ಐರಿನ್ ಇರುವ ಅಜೀಜಿಯಾ ಬಡಾವಣೆ ತಲುಪಿದಾಗ ನಮಾಜಿನ ಹೊತ್ತಾಗಿ ಅಂಗಡಿಗಳು ಬಾಗಿಲು ಎಳೆದಿದ್ದವು. ರೊನಾಲ್ಡ್ ಒಂದು ಬೇಕರಿಯ ಎದುರು ಕಾರು ನಿಲ್ಲಿಸಿ ಕಾದ.

ಬಾಗಿಲು ತೆರೆದವರು ಪುತ್ತೂರು ಕಡೆಯ ಬ್ಯಾರಿ, ಹಮೀದಾಕ. ಬಿಳಿ ಗಡ್ಡ, ತೋಳಿನವರೆಗೆ ಮೈದಾ.

"ಬನ್ನಿ ಪೊರ್ಬುಗಳೇ," ಎಂದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುತ್ತಾರೆ. ಆ ಶಬ್ದ ಕೇಳಿ ನನಗೆ ಉಡುಪಿಯ ಬಸ್‌ಸ್ಟ್ಯಾಂಡಿಗೆ ಬಂದ ಹಾಗಾಯಿತು. "ಈ ಸರ್ತಿ ಯಾರ ಹೆಸರು?"

"ಗ್ಲೋರಿಯಾ ಅಂತ ಬರೀರಿ."

"ಗ್ಲೋರಿಯಾಗೆ ಹೋದ ತಿಂಗಳಷ್ಟೇ ಹುಟ್ಟುಹಬ್ಬ ಆಯ್ತಲ್ಲಾ ಮಾರಾಯ್ರೇ. ನೀವೇ ತಗೊಂಡು ಹೋದದ್ದು. ಅವಳು ತಿಂಗಳಿಗೊಮ್ಮೆ ಹುಟ್ಟುವುದಾ?"

ರೊನಾಲ್ಡ್ ತಲೆ ಕೆರೆದುಕೊಂಡ. "ಹಾಗಾದ್ರೆ ಸಿಸಿಲಿಯಾ ಅಂತ ಬರೀರಿ. ಇವಳ ಹೆಸರು."

"ಬಾಯಮ್ಮನದ್ದಾ? ನಿಜವಾದ ಹುಟ್ಟುಹಬ್ಬವಾ, ಸುಮ್ಮನೆಯದ್ದಾ?"

"ಸುಮ್ಮನೆಯದ್ದು," ಎಂದೆ ನಾನು. ಏನೂ ಗೊತ್ತಿಲ್ಲದಿದ್ದರೂ.

ಹಮೀದಾಕ ನಕ್ಕರು. ಸಕ್ಕರೆ ಕ್ರೀಮಿನಲ್ಲಿ ನನ್ನ ಹೆಸರು ಬರೆಯುತ್ತ, ತಲೆ ಎತ್ತದೆ, "ನನಗೆಂತ, ಕೇಕ್ ಹೋದ್ರೆ ಸಾಕು. ಸಿಸ್ಟರಕ್ಕನಿಗೆ ಸಲಾಂ ಹೇಳಿ. ನಮ್ಮ ಹೆಂಗಸಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕಲಿಸಿದ್ದು ಅವರೇ," ಎಂದರು.

ಕಾರಿನಲ್ಲಿ ರೊನಾಲ್ಡ್ ವಿವರಿಸಿದ. ಇಲ್ಲಿ ನಮ್ಮಂಥವರು ಬಹಿರಂಗವಾಗಿ ಪೂಜೆ ಮಾಡುವಂತಿಲ್ಲ. ಒಂದು ಫ್ಲ್ಯಾಟಿಗೆ ಅಷ್ಟು ಜನ ಯಾಕೆ ಬಂದರು ಎಂದು ಯಾರಾದರೂ ಕೇಳಿದರೆ ಹೇಳಲು ಏನಾದರೂ ಬೇಕು. ಹಾಗಾಗಿ ಐರಿನಳ ಮನೆಯಲ್ಲಿ ಶುಕ್ರವಾರ ಶುಕ್ರವಾರ ಹುಟ್ಟುಹಬ್ಬ. ಮೇಜಿನ ಮೇಲೆ ಕೇಕ್ ಇದ್ದೇ ಇರುತ್ತದೆ.

ನಾನು ಕೇಕಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಹೋದ ತಿಂಗಳು. ನೀವೇ ತಗೊಂಡು ಹೋದದ್ದು. ಶುಕ್ರವಾರ ನಾನು ಫೋನ್ ಮಾಡಿದಾಗಲೆಲ್ಲ "ಮಲಗಿದ್ದೆ" ಎನ್ನುತ್ತಿದ್ದ ಮನುಷ್ಯ ಇವನೇ.

ಅಜೀಜಿಯಾ, ಶುಕ್ರವಾರ

ಪರದೆ ಎಳೆದ ಹಾಲ್. ಸೋಫಾಗಳನ್ನು ಗೋಡೆಗೆ ಒತ್ತಿ, ನೆಲದ ಮೇಲೆ ಚಾಪೆ. ಮೆಲ್ವಿನ್ ಬಾಗಿಲ ಹತ್ತಿರ ಕಾವಲಿಗೆ ಕುಳಿತಿದ್ದ. ಬಂದವರು ಹನ್ನೆರಡೋ ಹದಿನಾಲ್ಕೋ ಜನ. ಮಂಗಳೂರಿನವರು, ಕೇರಳದವರು, ಫಿಲಿಪೀನಿನವರು. ಫಿಲಿಪೀನಿನ ಇಬ್ಬರು ಗಂಡಸರು ಒಂದೇ ಚಾಪೆಯಲ್ಲಿ ಒಬ್ಬರಿಗೊಬ್ಬರು ಒರಗಿ ಕುಳಿತಿದ್ದರು. ಅವರು ಪರಸ್ಪರ ಏನಾಗಬೇಕು ಎಂದು ಯಾರೂ ಕೇಳಲಿಲ್ಲ. ಕೇಳದಿರುವುದು ಅಲ್ಲಿ ಎಷ್ಟು ಸಲೀಸಾಗಿತ್ತೆಂದರೆ ನನಗೆ ನಮ್ಮ ಇಗರ್ಜಿಯ ಮೆಟ್ಟಿಲು ನೆನಪಾಯಿತು. ಅಲ್ಲಿ ಪೂಜೆ ಮುಗಿದ ಮೇಲೆ ನಡೆಯುವುದು ಕೇಳುವುದೊಂದೇ.

ಐರಿನ್ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಕೂದಲು ಒದ್ದೆ. ಸಾದಾ ಚೂಡಿದಾರ. ದುಪಟ್ಟಾ ಇಡುವ ಡ್ರಾಯರಿನಿಂದ ಪಾದ್ರಿಗಳು ಪೂಜೆಗೆ ಹಾಕುವ ಹಸಿರು ಪಟ್ಟಿಯೊಂದನ್ನು ತೆಗೆದು, ಮುತ್ತಿಟ್ಟು, ಕೊರಳಿಗೆ ಹಾಕಿಕೊಂಡಳು. ಅಷ್ಟೇ. ಅಷ್ಟಕ್ಕೇ ಎಲ್ಲರೂ ನೆಟ್ಟಗೆ ಕುಳಿತರು. ನನ್ನ ಗಂಡನೂ.

ಗಂಟೆ ಇಲ್ಲ, ಹಾಡು ಪಿಸುಮಾತಿನಲ್ಲಿ. ಟಿವಿಯಲ್ಲಿ ಕಾರ್ಟೂನು, ಸ್ವಲ್ಪ ಜೋರಾಗಿ. ತೆಳು ಅಪ್ಪದ ಬದಲು ಕೆಳಗಿನ ಅಂಗಡಿಯ ಖುಬ್ಬೂಸ್ ರೊಟ್ಟಿ, ದ್ರಾಕ್ಷಾರಸದ ಬದಲು ಪೆಟ್ಟಿಗೆಯ ದ್ರಾಕ್ಷಿ ಜ್ಯೂಸು. ನಾನು ಒಳಗೊಳಗೇ ತಪ್ಪು ಹುಡುಕುತ್ತ ಹೋದೆ. ಒಂದು ಕಡೆ ಅವಳು ಪ್ರಾರ್ಥನೆಯ ಒಂದು ಸಾಲು ಬಿಟ್ಟಳು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಮರುಕ್ಷಣ ಅವಳೇ ನಿಂತು, "ತಡೀರಿ, ಒಂದು ಬಿಟ್ಟುಹೋಯ್ತು," ಎಂದು ಹಿಂದೆ ಹೋಗಿ ಓದಿದಳು. ಎಲ್ಲರೂ ನಕ್ಕರು. ನಾನಾಗಿದ್ದರೆ ಬೆವರುತ್ತಿದ್ದೆ.

ಪ್ರಸಂಗದಲ್ಲಿ, ಪೂಜೆಯ ನಡುವಿನ ಉಪದೇಶದಲ್ಲಿ, ಅವಳು ಏನು ಹೇಳಿದಳು? ಆಸ್ಪತ್ರೆಯಲ್ಲಿ ಜ್ವರ ನೋಡುವ ವಿಷಯ ಏನೋ ಇತ್ತು. ಇಲ್ಲಿ ಅದನ್ನು ಚೆನ್ನಾಗಿ ಬರೆದು ಅವಳ ಹೆಸರಿಗೆ ಹಾಕಬಹುದು, ಅಥವಾ ಕೆಟ್ಟದಾಗಿ ಬರೆದು ಸೇಡು ತೀರಿಸಿಕೊಳ್ಳಬಹುದು. ಎರಡೂ ಬೇಡ. ನಾನು ಕೇಳಿಸಿಕೊಳ್ಳಲೇ ಇಲ್ಲ. ಕೇಳುತ್ತಿದ್ದ ರೊನಾಲ್ಡನ ಮುಖ ನೋಡುತ್ತಿದ್ದೆ. ಮದುವೆಯ ಹೊಸದರಲ್ಲಿ ನಾನು ಮಾತಾಡುವಾಗ ಅವನ ಮುಖ ಹಾಗಿತ್ತು. ಇತ್ತು ಎಂದು ಈಗ ಅನ್ನಿಸುತ್ತದೆ.

ರೊಟ್ಟಿ ಹಂಚುವಾಗ ನಾನು ಏಳಲಿಲ್ಲ. ಐರಿನ್ ನನ್ನನ್ನು ನೋಡಿದಳು, ಒತ್ತಾಯ ಮಾಡಲಿಲ್ಲ.

ಊಟವಾಯಿತು, ಕೇಕ್ ಕತ್ತರಿಸಿದ್ದಾಯಿತು. ಎಲ್ಲರೂ ನನಗೆ ಹುಟ್ಟುಹಬ್ಬದ ಹಾಡು ಹಾಡಿದರು, ಅದನ್ನು ಮಾತ್ರ ಗಟ್ಟಿಯಾಗಿ. ಐರಿನ್ ತಟ್ಟೆಗಳನ್ನು ಒಟ್ಟುಮಾಡಿ ಅಡುಗೆಮನೆಗೆ ಹೋದಳು. ನಲ್ಲಿಯ ಶಬ್ದ ಬಂತು. ಆಗ ರೊನಾಲ್ಡ್ ಎದ್ದ. ಬಾಗಿಲ ಹಿಂದಿನ ಮೊಳೆಯಿಂದ ಟವೆಲ್ ತೆಗೆದುಕೊಂಡ. ಟವೆಲ್ ಎಲ್ಲಿರುತ್ತದೆ ಎಂದು ಹುಡುಕಲೂ ಇಲ್ಲ. ಒಳಗೆ ಹೋಗಿ ಅರ್ಧ ಬಾಗಿಲು ಮುಚ್ಚಿದ.

ನನ್ನ ಗಂಡ. ಟವೆಲ್ ಹಿಡಿದು. ಪಾತ್ರೆ ಒರೆಸಲಿಕ್ಕೆ.

ನಾನು ಎರಡು ಲೋಟ ಎತ್ತಿಕೊಂಡು ಹಿಂದೆಯೇ ನುಗ್ಗಿದೆ. "ಬಿಡು ಬಿಡು, ನಾನು ಒರೆಸ್ತೇನೆ, ನೀನು ಯಾವಾಗಿಂದ…" ಎನ್ನುತ್ತ. ಐರಿನ್ ಕೈ ಸೋಪಿನ ನೊರೆಯಲ್ಲಿತ್ತು. ರೊನಾಲ್ಡ್ ಒಂದು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ, ಅವನ ಕಣ್ಣು ಒದ್ದೆಯಾಗಿತ್ತು. ಆಗಿತ್ತೇ? ನಲ್ಲಿಯ ನೀರು ಹಾರಿರಬಹುದು. ಅವರಿಬ್ಬರೂ ಮಾತು ನಿಲ್ಲಿಸಿ ನನ್ನನ್ನು ನೋಡಿದರು. ಹಿಂದಿನಿಂದ ಯಾರೋ ನನ್ನ ತೋಳು ಹಿಡಿದು ಮೆಲ್ಲಗೆ ಹೊರಗೆ ಎಳೆದರು.

ಬಾಲ್ಕನಿ

ಎಳೆದವಳು ಗ್ಲೋರಿಯಾ. ಐರಿನಳ ಜೊತೆ ಕೆಲಸ ಮಾಡುವ ಫಿಲಿಪೀನಿ ನರ್ಸ್. ಹರಕು ಇಂಗ್ಲಿಷಿನಲ್ಲಿ, ನನ್ನದು ಅವಳದ್ದಕ್ಕಿಂತ ಹರಕು, ನಮ್ಮ ಮಾತು ನಡೆಯಿತು. ಅವಳು ನನ್ನನ್ನು "ಆತೆ" ಎಂದು ಕರೆದಳು. ಅವರ ಭಾಷೆಯಲ್ಲಿ ಅಕ್ಕ.

"ಈಗ ಒಳಗೆ ಹೋಗಬಾರದು ಆತೆ. ಅವರು ಪಾತ್ರೆ ಒರೆಸ್ತಾ ಇದ್ದಾರೆ."

"ಅದಕ್ಕೇ ಹೋದೆ. ನಾನು ಒರೆಸ್ತೇನೆ ಅಂತ."

"ನಿಮ್ಮ ಸರದಿ ಬಂದಾಗ ಒರೆಸಿ," ಎಂದು ನಕ್ಕಳು. ಆಮೇಲೆ ನನಗೆ ಗೊತ್ತಿಲ್ಲ ಎಂದು ಅವಳಿಗೆ ತಿಳಿಯಿತು. ದನಿ ತಗ್ಗಿಸಿ ಹೇಳಿದಳು. ಈ ಮನೆಯಲ್ಲಿ ಪಾಪನಿವೇದನೆಗೆ ಬೇರೆ ಜಾಗವಿಲ್ಲ. ಐರಿನ್ ಪಾತ್ರೆ ತೊಳೆಯುತ್ತಾಳೆ. ಹೇಳಬೇಕಾದದ್ದು ಇದ್ದವರು ಪಕ್ಕದಲ್ಲಿ ನಿಂತು ಒರೆಸುತ್ತಾರೆ. ನಲ್ಲಿಯ ಶಬ್ದಕ್ಕೆ ಮಾತು ಹೊರಗೆ ಕೇಳುವುದಿಲ್ಲ. ಮುಖ ನೋಡುವ ಅಗತ್ಯವೂ ಇಲ್ಲ. ಇಬ್ಬರೂ ಗೋಡೆ ನೋಡುತ್ತ ನಿಂತಿರುತ್ತಾರೆ.

ಕುಮ್ಸಾರ. ನಾವು ಕೊಂಕಣಿಯಲ್ಲಿ ಅದಕ್ಕೆ ಹೇಳುವುದು ಹಾಗೆ. ನಮ್ಮಲ್ಲಿ ಮರದ ಗೂಡು, ಜಾಲರಿ, ಜಾಲರಿಯ ಆಚೆ ಕೆಮ್ಮುವ ಪಾದ್ರಿ. ಇಲ್ಲಿ ಸಿಂಕು.

ಅವರಿಬ್ಬರನ್ನು ಸಿಂಕಿನ ಹತ್ತಿರ ಕಂಡಾಗ ಒಂದು ಕ್ಷಣ ನನ್ನ ಮನಸ್ಸಿಗೆ ಬಂದದ್ದು ಬೇರೆಯೇ. ಅದು ಸುಳ್ಳಾಯಿತಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವರ ನಡುವೆ ಬೇರೇನಾದರೂ ಇದ್ದಿದ್ದರೆ ಕೂಗಾಡಬಹುದಿತ್ತು, ಐರಿನಳ ಜಡೆ ಹಿಡಿಯಬಹುದಿತ್ತು, ಜನ ನನ್ನ ಕಡೆ ಇರುತ್ತಿದ್ದರು. ಇದಕ್ಕೆ ಏನು ಮಾಡುವುದು? ನನಗೆ ಬರೀ "ನೋಡುವಾ" ಎನ್ನುವ ಮನುಷ್ಯ, ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬಂದು, ತಟ್ಟೆ ಒರೆಸುತ್ತ ನನ್ನ ತಂಗಿಗೆ ಎಲ್ಲ ಹೇಳುತ್ತಾನೆ. ಹೇಳಿದ್ದನ್ನು ಅವಳು ಯಾರಿಗೂ ಹೇಳುವಂತಿಲ್ಲ. ನನಗಂತೂ ಹೇಳುವಂತಿಲ್ಲ.

ಬಂದವರೆಲ್ಲ ಹೋದ ಮೇಲೆ ಐರಿನ್ ಬಾಲ್ಕನಿಗೆ ಬಂದಳು. ಜಿಜಾನಿನ ಹಳೆಯ ಗೆಳತಿಯೊಬ್ಬಳು ಕಳಿಸಿದ ಮಲ್ಲಿಗೆಯ ಮಾಲೆ ಅವಳ ಕೈಯಲ್ಲಿತ್ತು. ಜಿಜಾನಿನ ಹೆಂಗಸರೂ ನಮ್ಮ ಹಾಗೆ ಮಲ್ಲಿಗೆ ಮುಡಿಯುತ್ತಾರಂತೆ.

"ಮೂಸಿ ನೋಡು ಅಕ್ಕ. ನಮ್ಮ ಶಂಕರಪುರ ಮಲ್ಲಿಗೆಯದ್ದೇ ವಾಸನೆ ಅಲ್ಲವಾ?"

"ಅಲ್ಲ," ಎಂದೆ. ಶಂಕರಪುರದ್ದೇ ವಾಸನೆ ಇತ್ತು. "ಎಷ್ಟು ಸಮಯದಿಂದ ಬರ್ತಾನೆ?"

"ಭಾವ ಬರುವುದಾ? ಬರ್ತಾರೆ, ತಿಂಗಳಿಗೊಮ್ಮೆ. ನಿಂಗೆ ಹೇಳ್ಲಿಲ್ವಾ?"

"ಎಂತ ಹೇಳ್ತಾನೆ?"

"ಎಂತದು?"

"ಸಿಂಕಿನ ಹತ್ರ."

ಐರಿನ್ ಮಾಲೆಯನ್ನು ಬಾಲ್ಕನಿಯ ಕಂಬಿಗೆ ಸುತ್ತಿದಳು. "ನೀನೇ ಅಲ್ಲವಾ ಕ್ಲಾಸಲ್ಲಿ ಕಲಿಸಿದ್ದು? ಪಾದ್ರಿಯ ನಾಲಗೆ ಕಿತ್ತರೂ ಹೇಳುವ ಹಾಗಿಲ್ಲ ಅಂತ. ಆ ದಿನ ನಾನು ಎಚ್ಚರ ಇದ್ದೆ."

"ಅದು ನಿಜವಾದ ಪಾದ್ರಿಗಳಿಗೆ."

ಅವಳಿಗೆ ತಾಗಿತು. ಮುಖ ಸಣ್ಣದಾಯಿತು. ನನಗೆ ಬೇಕಾದದ್ದು ಅದೇ, ಆದರೆ ನಿರೀಕ್ಷಿಸಿದಷ್ಟು ರುಚಿಸಲಿಲ್ಲ.

"ಆಯ್ತು," ಎಂದಳು. "ನಾನು ಸುಳ್ಳಿನವಳೇ ಅಂತ ಇಟ್ಟುಕೋ. ಹಾಗಿದ್ರೂ ಭಾವ ನಿಜ ಅಂತ ನಂಬಿ ಹೇಳಿದ್ದಲ್ಲವಾ. ನಾನು ಎಲ್ಲಿಂದ ಬಾಯಿ ಬಿಡ್ಲಿ?"

ಹಿಂದಿರುಗುವ ದಾರಿ

ಆ ಸಂಜೆಯೇ ಯಾನ್ಬುವಿಗೆ ಹೊರಟೆವು. ಅದು ಹೆಂಗಸರು ಅಲ್ಲಿ ಗಾಡಿ ಓಡಿಸುವಂತಿರದ ಕಾಲ. ನಾನು ಊರಲ್ಲಿ ಸ್ಕೂಟರ್ ಬಿಡುವವಳು. ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕುಳಿತು ಇನ್ನೊಬ್ಬರ ಬ್ರೇಕಿಗೆ ಕಾಯುವುದು ನನ್ನ ಸ್ವಭಾವಕ್ಕೆ ಆಗುವುದಿಲ್ಲ.

"ಊರಿಗೆ ಬರುವ ವಿಷಯವಾ?" ಎಂದು ಕೇಳಿದೆ. "ಅವಳಿಗೆ ಹೇಳಿದ್ದು."

"ಸಿಸಿ, ಅದು ಹಾಗೆಲ್ಲ ಕೇಳುವುದಲ್ಲ."

"ಬರ್ಲಿಕ್ಕೆ ಮನಸ್ಸಿಲ್ಲ ಅಂತ ಹೇಳಿದೆಯಾ? ಅಷ್ಟು ಹೇಳು. ಹೌದು ಅಲ್ಲ, ಒಂದು."

ಅವನು ಮುಂದಿದ್ದ ಲಾರಿಯೊಂದನ್ನು ಹಿಂದೆ ಹಾಕಿದ. "ನಾನು ಐರಿನ್‌ಗೆ ಹೇಳಿದ್ದಲ್ಲ," ಎಂದ.

"ಮತ್ತೆ ಅಲ್ಲಿ ಇನ್ಯಾರಿದ್ದರು? ತಟ್ಟೆಗೆ ಹೇಳಿದೆಯಾ?"

ಅವನಿಗೆ ನಗು ಬಂತು. ನನಗೂ ಬಂತು, ಹಾಳಾಗಲಿ. ನಗು ಮುಗಿದ ಮೇಲೆ ಪ್ರಶ್ನೆ ಅಲ್ಲೇ ಇತ್ತು. ಇನ್ನೊಂದು ರೀತಿಯಲ್ಲೂ ನನಗೆ ಇದು ನೆನಪಿದೆ. ಆ ರೀತಿಯಲ್ಲಿ ನಾವು ನಗಲಿಲ್ಲ, ಅವನು ರೇಡಿಯೋ ಹಾಕಿದ, ಅರಬ್ಬಿಯಲ್ಲಿ ಯಾರೋ ಹವಾಮಾನ ಓದಿದರು. ಯಾವುದು ಈ ದಾರಿಯದ್ದು, ಯಾವುದು ಆಮೇಲಿನ ಇನ್ನೊಂದು ಶುಕ್ರವಾರದ ದಾರಿಯದ್ದು, ಬೇರ್ಪಡಿಸಲು ಆಗುತ್ತಿಲ್ಲ.

ಆಮೇಲಿನ ವಾರಗಳಲ್ಲಿ ನಾನು ಸಂಸಾರ ಮಾಡಿದೆ. ಕಾಗದದ ತಟ್ಟೆಗಳನ್ನು ಎಸೆದು ಸ್ಟೀಲಿನದ್ದು ತಂದೆ. ತಿಂದಾದ ಮೇಲೆ ನಾನು ತೊಳೆಯುತ್ತ, ಬೇಕೆಂದೇ ನಲ್ಲಿಯನ್ನು ಜೋರಾಗಿ ಬಿಟ್ಟು, ಗೋಡೆ ನೋಡುತ್ತ ನಿಲ್ಲುತ್ತಿದ್ದೆ. ಅವನು ಒಂದು ದಿನ ಬಂದು ಒರೆಸಿದ. ನಾನು ತಟ್ಟೆ ತಿಕ್ಕುವುದನ್ನು ನಿಧಾನ ಮಾಡಿದೆ.

"ನೀರು ಸ್ವಲ್ಪ ಸಣ್ಣ ಮಾಡು," ಎಂದ. "ಇಲ್ಲಿ ಟ್ಯಾಂಕಿ ಬೇಗ ಖಾಲಿ ಆಗ್ತದೆ."

ಅಜೀಜಿಯಾ, ಇನ್ನೊಂದು ಶುಕ್ರವಾರ

ನಾನು ಊರಿಗೆ ಹೊರಡುವ ಮುಂಚಿನ ಶುಕ್ರವಾರ. ಕೇಕಿನ ಮೇಲೆ ಯಾರ ಹೆಸರಿತ್ತೋ. ಪೂಜೆಯಲ್ಲಿ ಈ ಸಲವೂ ನಾನು ಏಳಲಿಲ್ಲ. ಊಟ ಮುಗಿಯಿತು, ಐರಿನ್ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ರೊನಾಲ್ಡ್ ಏಳುವ ಮೊದಲೇ ನಾನು ಎದ್ದು ಟವೆಲ್ ತೆಗೆದುಕೊಂಡೆ. ಗ್ಲೋರಿಯಾ ಟಿವಿಯ ಶಬ್ದ ಏರಿಸಿದಳು. ಕೋಣೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಅಷ್ಟು ಚೆನ್ನಾಗಿ ನೋಡದೆ ಇರಲು ಅವರಿಗೆ ಅಭ್ಯಾಸವಾಗಿತ್ತು.

ಐರಿನ್ ನನಗೆ ಒಂದು ತಟ್ಟೆ ಕೊಟ್ಟಳು. ಒರೆಸಿದೆ. ಇನ್ನೊಂದು ಕೊಟ್ಟಳು.

"ನನಗೆ ಹೊಟ್ಟೆಕಿಚ್ಚು," ಎಂದೆ.

"ಯಾರ ಮೇಲೆ?"

"ಯಾರ ಮೇಲೆ ಅಂತ ಗೊತ್ತಿಲ್ಲದ ಹಾಗೆ ಕೇಳ್ಬೇಡ. ನಿನ್ನ ಮೇಲೆ."

"ಬೆಡ್‌ಶೀಟಿನ ವಿಷಯಕ್ಕಾ?"

"ಅದಕ್ಕೂ. ನೀನು ಸಾಲು ಬಿಟ್ಟುಹೋದ್ರೆ ಜನ ನಗ್ತಾರೆ, ಪ್ರೀತಿಯಿಂದ. ನಾನು ಒಂದು ದಿನ ತಡವಾಗಿ ಹೂ ಇಟ್ರೆ ನಮ್ಮ ಪಾದ್ರಿ ಎಲ್ಲರ ಎದುರು ಹೇಳ್ತಾರೆ. ನಿಂಗೆ ಗಂಡನೂ ಉಂಟು, ಅಳ್ತಾರೂ ಉಂಟು. ನನಗೆ ಎರಡೂ ದೂರದಿಂದ ನೋಡ್ಲಿಕ್ಕೆ. ಈಗ ನನ್ನ ಗಂಡನ ಮನಸ್ಸೂ ನಿನ್ನ ಹತ್ರ."

ಐರಿನ್ ನಲ್ಲಿ ನಿಲ್ಲಿಸಿದಳು. ಕೈಯನ್ನು ಸೋಪಿನ ನೊರೆಯಿಂದ ತೆಗೆಯಲಿಲ್ಲ.

"ಮೊದಲು ಒಂದು ಹೇಳು ಅಕ್ಕ. ಇದು ಕುಮ್ಸಾರವಾ, ಅಕ್ಕತಂಗಿಯರ ಜಗಳವಾ? ಜಗಳ ಆದ್ರೆ ನಾನೂ ಬಯ್ತೇನೆ. ಹೇಳ್ಲಿಕ್ಕೆ ನನ್ನ ಹತ್ರವೂ ತುಂಬಾ ಉಂಟು. ನನ್ನ ಮದುವೆಗೆ ನೀನು ಒಂದು ಫೋನ್ ಸಹ ಮಾಡ್ಲಿಲ್ಲ. ಕುಮ್ಸಾರ ಆದ್ರೆ ನಾನು ಬಾಯಿ ಮುಚ್ಬೇಕು."

"ಜಗಳ," ಎಂದೆ.

"ಹಾಂ, ಹಾಗಾದ್ರೆ ಕೇಳು."

"ರೊನಾಲ್ಡ್ ಊರಿಗೆ ಬರ್ತಾನಾ ಇಲ್ಲವಾ?"

"ಅದು ನಿನ್ನ ತಂಗಿಗೆ ಗೊತ್ತಿಲ್ಲ," ಎಂದಳು ಐರಿನ್. "ನಿನ್ನ ತಂಗಿಗೆ ಅವರು ಹೇಳ್ಲಿಲ್ಲ. ಇದು ನಾಟಕ ಅಲ್ಲ ಅಕ್ಕ. ಒಬ್ಬರು ಹೇಳಿದ್ದನ್ನು ಇಟ್ಟುಕೊಂಡು ಮರುದಿನ ಅವರ ಮುಖ ನೋಡಿ ಚಹಾ ಕೊಡ್ಬೇಕು, ಏನೂ ಗೊತ್ತಿಲ್ಲದ ಹಾಗೆ. ನಿಂಗೆ ಅದರ ಮೇಲೆ ಹೊಟ್ಟೆಕಿಚ್ಚಾ? ತಗೋ ಮಾರಾಯ್ತಿ, ನೀನೇ ಇಟ್ಟುಕೋ ಅಂತ ಕೊಡುವ ಹಾಗಿದ್ರೆ ಕೊಟ್ಟುಬಿಡ್ತಿದ್ದೆ."

ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಬೆಳಗಿನ ಪಾಳಿ, ಅದರ ಮೇಲೆ ಪೂಜೆ, ಅದರ ಮೇಲೆ ಅಷ್ಟು ಜನರ ಅಡುಗೆ. ನಾನು ಇಲ್ಲಿಯವರೆಗೆ ಅವಳ ಕೊರಳಿನ ಪಟ್ಟಿ ನೋಡಿದ್ದೆ, ಮುಖ ನೋಡಿರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ನನಗೆ ಅವಳ ಮೇಲೆ ಕರುಣೆ ಬರಲಿಲ್ಲ. ಕಪ್ಪಾದ ಆ ಕಣ್ಣಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಸಿಂಕಿನಲ್ಲಿ ಇನ್ನೂ ತಟ್ಟೆಗಳಿದ್ದವು. ನಾನು ಕೈಚಾಚಿ ನಲ್ಲಿ ತಿರುಗಿಸಿದೆ, ಜೋರಾಗಿ.

ಐರಿನ್ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ತಟ್ಟೆ ತಿಕ್ಕತೊಡಗಿದಳು.

ನೀರು ಬಿಟ್ಟ ಮೇಲೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಹೊಟ್ಟೆಕಿಚ್ಚಿನ ವಿಷಯವಾಗಿರಲಿಲ್ಲ. ಅವಳು ಕೇಳಿಸಿಕೊಂಡಳು, ಕೊನೆಗೆ ಒದ್ದೆ ಕೈಯನ್ನು ನನ್ನ ತಲೆಯ ಮೇಲಿಟ್ಟಳು. ಸೋಪಿನ ನೀರು ಕಿವಿಗೆ ಇಳಿಯಿತು. ಹೊರಗೆ ಬಂದಾಗ ರೊನಾಲ್ಡ್ ಸೋಫಾದ ತುದಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ. ಆ ಕೋಣೆಯಲ್ಲಿ ನೋಡಿದವನು ಅವನೊಬ್ಬನೇ.

ಕಾರಿನಲ್ಲಿ, ಜಿದ್ದಾ ದಾಟಿದ ಮೇಲೆ, ಅವನೇ ಕೇಳಿದ.

"ಎಂತ ಹೇಳಿದೆ?"

"ಅದು ಹಾಗೆಲ್ಲ ಕೇಳುವುದಲ್ಲ," ಎಂದೆ.

"ನನ್ನ ವಿಷಯವಾ?"

ನಾನು ಕಿಟಕಿಯಿಂದ ಮರಳು ನೋಡಿದೆ. ಅವನು ಮತ್ತೆ ಕೇಳಿದ. ಇಷ್ಟು ವರ್ಷಗಳಲ್ಲಿ ಅವನು ನನಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದು ನನಗೆ ಬೇರೆ ನೆನಪಿಲ್ಲ.

ಐರಿನ್ ಪಾದ್ರಿ ಹೌದೋ ಅಲ್ಲವೋ, ನಮ್ಮ ಬಿಷಪರನ್ನು ಕೇಳಿದರೆ ಅಲ್ಲ ಎನ್ನುತ್ತಾರೆ. ಹಾಗಾದರೆ ನಾನು ಮಾಡಿದ್ದು ಕುಮ್ಸಾರವೂ ಅಲ್ಲ. ಏನು ಎಂದು ನನಗೆ ಗೊತ್ತಿಲ್ಲ. ಊರಿಗೆ ಬಂದ ಮೇಲೆ ನಮ್ಮ ಇಗರ್ಜಿಯ ಗೂಡಿನಲ್ಲಿ ಅದನ್ನು ಇನ್ನೊಮ್ಮೆ ಹೇಳಲು ಹೋಗಿಲ್ಲ. ರೊನಾಲ್ಡ್ ಯಾನ್ಬುವಿನಲ್ಲೇ ಇದ್ದಾನೆ. ನಾನು ಕೇಳುತ್ತೇನೆ, "ನೋಡುವಾ" ಎನ್ನುತ್ತಾನೆ. ಅವನಿಗೆ ಬರುವ ಮನಸ್ಸು ಇದೆಯೋ ಇಲ್ಲವೋ, ಆ ಸಿಂಕಿನ ಹತ್ತಿರ ಅವನು ನನ್ನ ತಂಗಿಗೆ ಹೇಳಿದ್ದು ಅದನ್ನೋ ಬೇರೇನನ್ನೋ, ನನಗೆ ಗೊತ್ತಿಲ್ಲ.